ಫಾರ್ಮಸಿ ಸೀಟಿಗಾಗಿ ಸಿಇಟಿ ತರಬೇತಿ: ಕಲಬುರಗಿಯ ಕೇಂದ್ರಗಳನ್ನು ತೂಗಿ ನೋಡಿದಾಗ

ನಮ್ಮ ರಾಜ್ಯದಲ್ಲಿ ಬಿ.ಫಾರ್ಮ್ ಅಥವಾ ಫಾರ್ಮ್.ಡಿ ಕೋರ್ಸಿನ ಸರ್ಕಾರಿ ಕೋಟಾದ ಸೀಟು ಬೇಕೆಂದರೆ ಬರೆಯಬೇಕಾದ ಪರೀಕ್ಷೆ ವೈದ್ಯಕೀಯ ಸೀಟಿಗಾಗಿ ಇರುವ ನೀಟ್ ಅಲ್ಲ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ. ಇದು ಎಲ್ಲರಿಗೂ ತಿಳಿದಿರುವ ಸಂಗತಿಯಂತೆ ಕಾಣುತ್ತದೆ. ಆದರೆ ಕಲಬುರಗಿಯಲ್ಲಿ ತರಬೇತಿ ಕೇಂದ್ರಗಳ ಫಲಕಗಳನ್ನು ಓದುತ್ತಾ ಹೋದರೆ, ನೀಟ್ ಮತ್ತು ಸಿಇಟಿ ಎಂಬ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಎರಡಕ್ಕೂ ಒಂದೇ ಬ್ಯಾಚ್, ಒಂದೇ ಪುಸ್ತಕ, ಒಂದೇ ಶುಲ್ಕ ಎಂದು ಮಾರುವ ಪದ್ಧತಿ ಎಷ್ಟು ಆಳವಾಗಿ ಬೇರೂರಿದೆ ಎಂಬುದು ಅರಿವಿಗೆ ಬರುತ್ತದೆ. ಫಾರ್ಮಸಿಯನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಂಡು ಬರುವ ವಿದ್ಯಾರ್ಥಿಯನ್ನು ಈ ಬ್ಯಾಚುಗಳು ಹೆಚ್ಚಾಗಿ ವೈದ್ಯಕೀಯ ಸೀಟು ತಪ್ಪಿದವರ ಸಾಲಿನಲ್ಲಿಯೇ ಕೂರಿಸುತ್ತವೆ. ಅಂಥ ವಿದ್ಯಾರ್ಥಿಗೆ ನಿಜವಾಗಿ ಏನು ಬೇಕು, ನಮ್ಮ ಊರಿನಲ್ಲಿ ಅದು ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬುದನ್ನು ವಿವರವಾಗಿ ಬರೆಯಬೇಕೆನ್ನಿಸಿತು.

ನಾನು ಬಿ.ಫಾರ್ಮ್ ಓದಿ ಕಲಬುರಗಿಯಲ್ಲಿ ಔಷಧ ಅಂಗಡಿ ನಡೆಸುತ್ತಿರುವವನು. ನನ್ನ ಅಕ್ಕನ ಮಗಳು ಸೇಡಂ ತಾಲ್ಲೂಕಿನ ಹಳ್ಳಿಯವಳು. ಹತ್ತನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವಳು. ಅವಳಿಗಾಗಿ ನಾವು ನಗರದ ಹಲವು ಕೇಂದ್ರಗಳಲ್ಲಿ ವಿಚಾರಿಸಿ, ಮಾದರಿ ತರಗತಿಗಳಲ್ಲಿ ಕುಳಿತು, ಕೊನೆಗೆ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಬಳಿಕ ಸಿಇಟಿಯವರೆಗೆ ನಾಲ್ಕು ವಾರ ನಡೆಯುವ ಒಂದು ಕ್ರಾಶ್ ಕೋರ್ಸಿಗೆ ಸೇರಿಸಿದೆವು. ಆ ಕೋರ್ಸಿನ ವಿಮರ್ಶೆಯೇ ಈ ಬರಹದ ತಿರುಳು. ಉಳಿದವುಗಳನ್ನು ಹೋಲಿಕೆಗಾಗಿ ತರುತ್ತೇನೆ. ಯಾವ ಕೇಂದ್ರದ ಹೆಸರನ್ನೂ ನಾನು ಹೇಳುವುದಿಲ್ಲ. ನಮ್ಮಲ್ಲಿ ಒಳ್ಳೆಯ ರಸಾಯನಶಾಸ್ತ್ರ ಶಿಕ್ಷಕರು ಈ ವರ್ಷ ಒಂದು ಕಡೆ, ಮುಂದಿನ ವರ್ಷ ಮತ್ತೊಂದು ಕಡೆ ಪಾಠ ಮಾಡುತ್ತಾರೆ. ಹೀಗಿರುವಾಗ ಫಲಕದ ಹೆಸರು ನೋಡಿ ಹಣ ಕಟ್ಟುವುದಕ್ಕಿಂತ ಕೇಂದ್ರವನ್ನು ಪರೀಕ್ಷಿಸುವ ಬಗೆಯನ್ನು ತಿಳಿದುಕೊಳ್ಳುವುದು ಹೆಚ್ಚು ಉಪಯುಕ್ತ.

ಮೊದಲು ಪರೀಕ್ಷೆಯ ಸ್ವರೂಪವನ್ನು ಗಮನಿಸಬೇಕು, ಏಕೆಂದರೆ ಕೋರ್ಸಿನ ಯೋಗ್ಯತೆ ಅದರಿಂದಲೇ ನಿರ್ಧಾರವಾಗುತ್ತದೆ. ಫಾರ್ಮಸಿಗೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಕಡ್ಡಾಯ. ಮೂರನೆಯ ವಿಷಯ ಜೀವಶಾಸ್ತ್ರವಾದರೂ ಆಗಬಹುದು, ಗಣಿತವಾದರೂ ಆಗಬಹುದು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ನೀಟ್ ಇದಕ್ಕಿಂತ ಬೇರೆಯೇ ಜಾತಿಯ ಪರೀಕ್ಷೆ. ಅಲ್ಲಿ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ತಲಾ 45. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಆದ್ದರಿಂದ ನೀಟ್ ಬ್ಯಾಚಿನಲ್ಲಿ ಅರ್ಧ ಸಮಯ ಜೀವಶಾಸ್ತ್ರಕ್ಕೆ ಹೋಗುವುದು ಸಹಜ, ಅಲ್ಲಿನ ವಿದ್ಯಾರ್ಥಿಗೆ ಅದು ಸರಿಯೂ ಹೌದು. ಆದರೆ ಸಿಇಟಿಯಲ್ಲಿ ಮೂರೂ ವಿಷಯಗಳ ತೂಕ ಸಮ. ಜೀವಶಾಸ್ತ್ರ ತೆಗೆದುಕೊಂಡವರಿಗೂ ಒಟ್ಟು 180 ಅಂಕಗಳಲ್ಲಿ 120 ಅಂಕ ಭೌತ ಮತ್ತು ರಸಾಯನಗಳಿಂದಲೇ ಬರಬೇಕು. ನಮ್ಮ ಭಾಗದ ಹಲವು ಮಕ್ಕಳು ಭೌತಶಾಸ್ತ್ರಕ್ಕೆ ಹೆದರಿ ಜೀವಶಾಸ್ತ್ರದ ಮೇಲೆಯೇ ಭಾರ ಹಾಕುತ್ತಾರೆ. ಎರಡೂ ಪರೀಕ್ಷೆಗಳನ್ನು ಬೆರೆಸಿದ ಬ್ಯಾಚ್ ಆ ಹೆದರಿಕೆಯನ್ನು ಇನ್ನಷ್ಟು ಬೆಳೆಸುತ್ತದೆ.

ಅಂಕ ಕಡಿತದ ವಿಷಯವನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ನೀಟ್ ಶಿಕ್ಷಕರು ವರ್ಷವಿಡೀ, ಖಚಿತವಿಲ್ಲದ ಪ್ರಶ್ನೆಯನ್ನು ಮುಟ್ಟಬೇಡಿ ಎಂದು ಮಕ್ಕಳಿಗೆ ಕಲಿಸುತ್ತಾರೆ. ಆ ಅಭ್ಯಾಸವನ್ನೇ ಸಿಇಟಿಗೆ ಹೊತ್ತುಕೊಂಡು ಹೋದ ವಿದ್ಯಾರ್ಥಿ ಒಂದು ವಿಷಯದಲ್ಲಿ 12 ಪ್ರಶ್ನೆ ಖಾಲಿ ಬಿಟ್ಟರೆ, ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಸರಾಸರಿ ಲೆಕ್ಕದಲ್ಲಿ ಸಿಗಬಹುದಾಗಿದ್ದ 3 ಅಂಕಗಳನ್ನು ಕೈಯಾರೆ ಕಳೆದುಕೊಳ್ಳುತ್ತಾನೆ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ತಳ್ಳಿಹಾಕುವಷ್ಟು ತಿಳಿವಳಿಕೆ ಇದ್ದರಂತೂ ನಷ್ಟ ಇನ್ನೂ ಹೆಚ್ಚು. ಮೂರು ವಿಷಯ ಸೇರಿದರೆ ಇದು ರ‍್ಯಾಂಕ್ ಪಟ್ಟಿಯಲ್ಲಿ ಎದ್ದು ಕಾಣುವ ವ್ಯತ್ಯಾಸ. ಆದ್ದರಿಂದ ಯಾವುದೇ ಕೇಂದ್ರಕ್ಕೆ ಹೋದಾಗ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ನಿಮ್ಮ ಮಾದರಿ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತೀರಾ ಎಂಬುದು. ಕಳೆಯುತ್ತೇವೆ, ಅದರಿಂದ ಶಿಸ್ತು ಬರುತ್ತದೆ ಎಂದು ಒಂದು ದೊಡ್ಡ ಕೇಂದ್ರದವರು ಹೆಮ್ಮೆಯಿಂದಲೇ ಹೇಳಿದರು. ಅವರ ಕಟ್ಟಡ ಭವ್ಯವಾಗಿತ್ತು, ಗ್ರಂಥಾಲಯ ಚೆನ್ನಾಗಿತ್ತು, ಆದರೆ ನಮ್ಮ ಹುಡುಗಿಯ ಪರೀಕ್ಷೆ ಅವರ ಗಮನದಲ್ಲಿಯೇ ಇರಲಿಲ್ಲ.

ನಾವು ಆರಿಸಿದ ಕೋರ್ಸ್ ಈ ವಿಷಯದಲ್ಲಿ ಗೆದ್ದಿತು. ಅದು ಸಿಇಟಿಗೆಂದೇ ಪ್ರತ್ಯೇಕ ಬ್ಯಾಚ್ ಮಾಡಿತ್ತು. ವಾರದ ಆರು ದಿನವೂ ಮೂರು ವಿಷಯಗಳಿಗೆ ಸಮಾನ ಅವಧಿ ಕೊಟ್ಟು, ವಾರಕ್ಕೊಮ್ಮೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂಬಂತೆ ನಿಜವಾದ ಪರೀಕ್ಷೆಯ ಕ್ರಮದಲ್ಲಿಯೇ 80 ನಿಮಿಷಗಳ ಪೂರ್ಣ ಪರೀಕ್ಷೆಗಳನ್ನು ನಡೆಸುತ್ತಿತ್ತು. ಉತ್ತರಗಳನ್ನು ಪ್ರಶ್ನೆಪತ್ರಿಕೆಯ ಮೇಲೆ ಟಿಕ್ ಮಾಡಿಸದೆ, ಮುದ್ರಿತ ಒಎಂಆರ್ ಹಾಳೆಯಲ್ಲಿ ಬಾಲ್ ಪೆನ್ನಿನಿಂದ ವೃತ್ತ ತುಂಬಿಸುತ್ತಿದ್ದರು. ಇದು ಚಿಕ್ಕ ಸಂಗತಿಯಲ್ಲ. 80 ನಿಮಿಷಕ್ಕೆ 60 ಪ್ರಶ್ನೆ ಎಂದರೆ ಒಂದಕ್ಕೆ 80 ಸೆಕೆಂಡು. ವೃತ್ತ ತುಂಬುವುದಕ್ಕೂ ಸಂಖ್ಯೆ ಸರಿನೋಡುವುದಕ್ಕೂ ಅದರೊಳಗೇ ಸಮಯ ಹೊಂದಿಸಬೇಕು. ಒಂದು ಪ್ರಶ್ನೆ ಬಿಟ್ಟು ಮುಂದಕ್ಕೆ ಹೋದ ವಿದ್ಯಾರ್ಥಿ ಉತ್ತರಗಳನ್ನು ಒಂದೊಂದು ಸಾಲು ಮೇಲೆ ತುಂಬಿಬಿಡುವ ಅಪಾಯ ನಿಜವಾದದ್ದು. ಮೊದಲ ಪರೀಕ್ಷೆಯಲ್ಲಿ ನಮ್ಮ ಹುಡುಗಿಯ ಪಕ್ಕ ಕೂತಿದ್ದ ಹುಡುಗನಿಗೆ ಅದೇ ಆಯಿತು. ತರಗತಿಯಲ್ಲಿ ಆದದ್ದರಿಂದ ತಿದ್ದಿಕೊಂಡ.

ಪಠ್ಯಕ್ರಮದ ವಿಷಯಕ್ಕೆ ಬಂದರೆ, ಇಲ್ಲಿ ಪೋಷಕರು ಅತಿ ಹೆಚ್ಚು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ನಮ್ಮ ಪಿಯುಸಿ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳೇ ಆಧಾರ. ಆ ಪುಸ್ತಕಗಳನ್ನು ಇತ್ತೀಚೆಗೆ ಕಡಿತಗೊಳಿಸಿದಾಗ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಿಂದ ಘನ ಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಲೋಹಗಳ ಬೇರ್ಪಡಿಕೆ, ಪಿ-ಬ್ಲಾಕ್ ಧಾತುಗಳು, ಪಾಲಿಮರ್‌ಗಳು, ದೈನಂದಿನ ಜೀವನದಲ್ಲಿ ರಸಾಯನಶಾಸ್ತ್ರ ಎಂಬ ಅಧ್ಯಾಯಗಳು ಹೊರಗೆ ಹೋದವು. ದ್ರಾವಣಗಳಿಂದ ಹಿಡಿದು ಜೈವಿಕ ಅಣುಗಳವರೆಗೆ ಹತ್ತು ಘಟಕಗಳು ಉಳಿದವು. ನೋವುನಿವಾರಕ, ಆಮ್ಲನಿರೋಧಕ, ಪ್ರತಿಜೀವಕಗಳ ಮೊದಲ ಪರಿಚಯ ಇದ್ದದ್ದೇ ಹೊರಗೆ ಹೋದ ಆ ಕೊನೆಯ ಅಧ್ಯಾಯದಲ್ಲಿ. ಫಾರ್ಮಸಿಗೆ ಹೋಗುವ ಮಕ್ಕಳು ಅದನ್ನು ಓದದೆ ಬರುವುದು ನನಗೆ ಬೇಸರ ತರುವ ಸಂಗತಿ. ಆದರೂ ಪರೀಕ್ಷೆಗೆ ಮುನ್ನ ಉಳಿದಿರುವ ನಾಲ್ಕು ವಾರಗಳಲ್ಲಿ ಅದಕ್ಕೆ ಜಾಗವಿಲ್ಲ.

2024ರ ಏಪ್ರಿಲ್ 18 ಮತ್ತು 19ರಂದು ನಡೆದ ಸಿಇಟಿಯಲ್ಲಿ ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳು ಬಂದು ದೊಡ್ಡ ಗದ್ದಲವಾಯಿತು. ಕೊನೆಗೆ ಭೌತಶಾಸ್ತ್ರದ 9, ರಸಾಯನಶಾಸ್ತ್ರದ 15, ಗಣಿತದ 15, ಜೀವಶಾಸ್ತ್ರದ 11, ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಆ ಘಟನೆಯ ನಂತರ ಕೆಲವು ಕೇಂದ್ರಗಳು, ಯಾವುದಕ್ಕೂ ಇರಲಿ ಎಂದು ಹಳೆಯ ಅಧ್ಯಾಯಗಳನ್ನೂ ಕಲಿಸುತ್ತೇವೆ ಎಂಬುದನ್ನೇ ಆಕರ್ಷಣೆಯಾಗಿ ಮುಂದಿಡತೊಡಗಿದವು. ನನ್ನ ಅಭಿಪ್ರಾಯದಲ್ಲಿ ಇದು ವಿದ್ಯಾರ್ಥಿಯ ಸಮಯವನ್ನು ಕದಿಯುವ ಕೆಲಸ. ಕೈಬಿಟ್ಟ ಅಧ್ಯಾಯಗಳಿಗೆ ಒಂದು ವಾರ ಕೊಟ್ಟರೆ, ಆಲ್ಡಿಹೈಡ್, ಕೀಟೋನ್, ಅಮೈನ್‌ಗಳಂಥ ಖಚಿತವಾಗಿ ಬರುವ ಘಟಕಗಳ ಪುನರಾವರ್ತನೆಗೆ ಆ ವಾರ ಇಲ್ಲವಾಗುತ್ತದೆ.

ನಾವು ಸೇರಿಸಿದ ಕೋರ್ಸ್ ಇಲ್ಲಿ ಅರ್ಧ ಮಾತ್ರ ಪಾಸಾಯಿತು. ತರಗತಿಯ ಪಾಠ ಹೊಸ ಪಠ್ಯಕ್ರಮಕ್ಕೆ ಸರಿಯಾಗಿ ಹೊಂದಿಕೊಂಡಿತ್ತು. ಆದರೆ ಕೈಗೆ ಕೊಟ್ಟ ದಪ್ಪ ಪ್ರಶ್ನಕೋಶ ಹಳೆಯ ಮುದ್ರಣ. ಅದನ್ನು ತೆರೆದರೆ ರಸಾಯನಶಾಸ್ತ್ರದ ಮೊದಲ ಪುಟಗಳೆಲ್ಲ ಘನ ಸ್ಥಿತಿಯ ಪ್ರಶ್ನೆಗಳು: ಸೋಡಿಯಂ ಕ್ಲೋರೈಡ್ ಹರಳಿನ ಏಕಕೋಶದಲ್ಲಿ ಎಷ್ಟು ಅಯಾನುಗಳಿವೆ, ಶಾಟ್ಕಿ ದೋಷದಿಂದ ಸಾಂದ್ರತೆ ಏನಾಗುತ್ತದೆ ಎಂಬಂಥವು. ಮನೆಯಲ್ಲಿ ಒಬ್ಬಳೇ ಕುಳಿತು ಅಭ್ಯಾಸ ಮಾಡುವ ಹುಡುಗಿ ಪುಸ್ತಕದ ಮೊದಲ ಪುಟದಿಂದಲೇ ಶುರುಮಾಡುತ್ತಾಳೆ, ಅದು ಸಹಜ. ನಾವು ಹೋಗಿ ಹೇಳಿದ ಮೇಲೆ ಶಿಕ್ಷಕರೇ ತರಗತಿಯಲ್ಲಿ ಪುಟ ಪುಟವಾಗಿ ಓದಿ, ಬಿಡಬೇಕಾದ ಪ್ರಶ್ನೆಗಳ ಮೇಲೆ ಅಡ್ಡಗೆರೆ ಎಳೆಸಿದರು. ಶುಲ್ಕದಲ್ಲಿ ಪುಸ್ತಕದ ಬೆಲೆಯನ್ನೂ ಸೇರಿಸಿಕೊಂಡಿರುವ ಕೇಂದ್ರ ಈ ಕೆಲಸವನ್ನು ಮೊದಲೇ ಮಾಡಿರಬೇಕಿತ್ತು. ಹಣ ಕಟ್ಟುವ ಮೊದಲು ಪ್ರಶ್ನಕೋಶದ ಪರಿವಿಡಿಯನ್ನು ಕೇಳಿ ಪಡೆದು, ಕಾಲೇಜಿನ ಪಠ್ಯಪುಸ್ತಕದ ಪರಿವಿಡಿಯ ಪಕ್ಕದಲ್ಲಿಟ್ಟು ನೋಡುವುದು ಐದು ನಿಮಿಷದ ಕೆಲಸ. ಅಧ್ಯಾಪಕರಲ್ಲದವರೂ ಅದನ್ನು ಮಾಡಬಹುದು.

ಆ ಕೇಂದ್ರಕ್ಕೆ ನಾವು ಮನಸೋತದ್ದು ಅದರ ಮಾದರಿ ತರಗತಿಯಿಂದ. ಅಂದಿನ ವಿಷಯ ದ್ರಾವಣಗಳ ಕುದಿಬಿಂದುವಿನ ಏರಿಕೆ. ರಸಾಯನಶಾಸ್ತ್ರದ ಶಿಕ್ಷಕಿ ಪಠ್ಯಪುಸ್ತಕದಲ್ಲಿರುವ ಲೆಕ್ಕವನ್ನೇ ಎತ್ತಿಕೊಂಡರು: 18 ಗ್ರಾಂ ಗ್ಲೂಕೋಸ್ ಅನ್ನು 1 ಕಿಲೋಗ್ರಾಂ ನೀರಿನಲ್ಲಿ ಕರಗಿಸಿದರೆ ಕುದಿಬಿಂದು ಎಷ್ಟು? ಗ್ಲೂಕೋಸಿನ ಅಣುತೂಕ 180, ಆದ್ದರಿಂದ 0.1 ಮೋಲ್, ನೀರಿನ ಸ್ಥಿರಾಂಕ 0.52; ಏರಿಕೆ 0.052 ಕೆಲ್ವಿನ್, ಅದನ್ನು ನೀರಿನ ಕುದಿಬಿಂದು 373.15ಕ್ಕೆ ಕೂಡಿಸಿದರೆ ಉತ್ತರ 373.202. ಇಷ್ಟಾದ ಮೇಲೆ ಅವರು ಬೋರ್ಡನ್ನು ಒರೆಸದೆ, ಗ್ಲೂಕೋಸಿನ ಜಾಗದಲ್ಲಿ 5.85 ಗ್ರಾಂ ಅಡುಗೆ ಉಪ್ಪು ಹಾಕಿದರೆ ಎಂದು ಕೇಳಿ, ಪೆನ್ನು ಕೆಳಗಿಡಿ ಎಂದರು. ಮೋಲ್ ಅಷ್ಟೇ, ಆದರೆ ಉಪ್ಪು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತದೆ, ಹಾಗಾಗಿ ಏರಿಕೆ ಇಮ್ಮಡಿ, 0.104, ಲೆಕ್ಕ ಬರೆಯುವ ಅಗತ್ಯವೇ ಇಲ್ಲ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಾಯಲ್ಲಿಯೇ ಹೇಳಿದಳು. ಇನ್ನು ಕ್ಯಾಲ್ಸಿಯಂ ಕ್ಲೋರೈಡ್ ಆದರೆ ಎಂದು ಕೇಳಿದಾಗ ಇಡೀ ತರಗತಿ ಮೂರು ಪಟ್ಟು ಎಂದಿತು. ಒಂದು ಲೆಕ್ಕದಿಂದ ಮೂರು ಪ್ರಶ್ನೆಗಳನ್ನು ಹುಟ್ಟಿಸಿ, 80 ಸೆಕೆಂಡಿನೊಳಗೆ ಯೋಚಿಸುವುದನ್ನು ಕಲಿಸುವ ಈ ರೀತಿಯೇ ಸಿಇಟಿಗೆ ಬೇಕಾದ ರೀತಿ. ಬೇರೊಂದು ಕೇಂದ್ರದ ಮಾದರಿ ತರಗತಿಯಲ್ಲಿ ಇದೇ ಅಧ್ಯಾಯಕ್ಕೆ ಸೂತ್ರಗಳ ಹಾಳೆಯನ್ನು ಪರದೆಯ ಮೇಲೆ ತೋರಿಸಿ, ಬಾಯಿಪಾಠ ಮಾಡಿ ಬನ್ನಿ ಎಂದು ಮುಗಿಸಿದ್ದರು.

ಭಾಷೆಯ ವಿಷಯದಲ್ಲಿಯೂ ಆ ಶಿಕ್ಷಕಿಗೆ ಪೂರ್ಣ ಅಂಕ ಕೊಡುತ್ತೇನೆ. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಹಳ್ಳಿಗಳಿಂದ ಬರುವ ಮಕ್ಕಳು ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ವಿಜ್ಞಾನ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕಗಳ ಎದುರು ನಿಲ್ಲುತ್ತಾರೆ. ಅವರಿಗೆ ವಿಷಯ ತಿಳಿಯದೆ ಇರುವುದು ಕಡಿಮೆ, ಪ್ರಶ್ನೆಯ ವಾಕ್ಯ ತಿಳಿಯದೆ ಇರುವುದು ಹೆಚ್ಚು. ಇವುಗಳಲ್ಲಿ ಯಾವುದು ಸರಿಯಲ್ಲ ಎಂದು ಕೇಳಿದ್ದನ್ನು ಯಾವುದು ಸರಿ ಎಂದು ಓದಿಕೊಂಡು ಅಂಕ ಕಳೆದುಕೊಂಡ ಉದಾಹರಣೆಗಳು ಪ್ರತಿ ಪರೀಕ್ಷೆಯಲ್ಲಿಯೂ ಇದ್ದವು. ಆ ಶಿಕ್ಷಕಿ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿಯೇ ಉಳಿಸಿ, ವಿವರಣೆಯನ್ನು ನಮ್ಮ ಕಡೆಯ ಕನ್ನಡದಲ್ಲಿ ಕೊಟ್ಟು, ಪ್ರಶ್ನೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದರು. ಜೀವಶಾಸ್ತ್ರದವರು ಕೂಡ ಹಾಗೆಯೇ. ಭೌತಶಾಸ್ತ್ರಕ್ಕೆ ಮೊದಲು ಇದ್ದವರು ಎರಡನೆಯ ವಾರದಲ್ಲಿ ಬಿಟ್ಟುಹೋಗಿ, ಅವರ ಜಾಗಕ್ಕೆ ಹೈದರಾಬಾದಿನಿಂದ ಬಂದವರು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಪಾಠ ಮಾಡಿದರು. ಪಾಠದಲ್ಲಿ ಹುರುಳಿತ್ತು, ಆದರೆ ಹಿಂದಿನ ಸಾಲುಗಳ ಮಕ್ಕಳು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರು. ಕೋರ್ಸಿನ ನಡುವೆ ಶಿಕ್ಷಕರು ಬದಲಾಗುವುದು ಈ ಕೇಂದ್ರದ ಮೇಲೆ ನನಗಿರುವ ದೊಡ್ಡ ದೂರು. ಸೇರುವ ಮೊದಲೇ ಯಾವ ವಿಷಯಕ್ಕೆ ಯಾರು, ಕೊನೆಯವರೆಗೂ ಅವರೇ ಇರುತ್ತಾರೆಯೇ ಎಂಬುದನ್ನು ಬರಹದಲ್ಲಿ ಕೇಳುವುದು ಒಳ್ಳೆಯದು.

ಪರೀಕ್ಷೆಯಾದ ಮೇಲೆ ಏನು ಮಾಡುತ್ತಾರೆ ಎಂಬುದು ಪರೀಕ್ಷೆಯಷ್ಟೇ ಮುಖ್ಯ. ಅಂಕಪಟ್ಟಿಯನ್ನು ಗೋಡೆಗೆ ಅಂಟಿಸಿ ಕೈತೊಳೆದುಕೊಳ್ಳುವ ಕೇಂದ್ರಗಳೇ ಹೆಚ್ಚು. ಇಲ್ಲಿ ಮರುದಿನ ಉತ್ತರಗಳನ್ನು ಬಿಡಿಸಿ ಹೇಳುವುದರ ಜೊತೆಗೆ, ಪ್ರತಿ ವಿದ್ಯಾರ್ಥಿಯೂ ತನ್ನ ತಪ್ಪುಗಳನ್ನು ಮೂರು ಬಗೆಯಾಗಿ ಬರೆದುಕೊಳ್ಳಬೇಕಿತ್ತು: ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದೂ ಲೆಕ್ಕ ತಪ್ಪಿತು, ಪ್ರಶ್ನೆಯನ್ನೇ ತಪ್ಪಾಗಿ ಓದಿದೆ. ಅಕ್ಕನ ಮಗಳ ಆ ನೋಟ್‌ಬುಕ್ಕನ್ನು ನಾನು ನೋಡಿದ್ದೇನೆ. ಮೊದಲ ವಾರ ಭೌತಶಾಸ್ತ್ರದ ಪುಟ ಮೊದಲ ಬಗೆಯ ತಪ್ಪುಗಳಿಂದ ತುಂಬಿತ್ತು. ಕೊನೆಯ ವಾರಕ್ಕೆ ಅವು ಕಡಿಮೆಯಾಗಿ, ಲೆಕ್ಕದ ಮತ್ತು ಓದಿನ ತಪ್ಪುಗಳು ಉಳಿದಿದ್ದವು. ಯಾವ ವಿಷಯಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬುದನ್ನು ಅವಳು ಆ ಪುಟಗಳನ್ನು ನೋಡಿಯೇ ನಿರ್ಧರಿಸುತ್ತಿದ್ದಳು. ಇಡೀ ಕೋರ್ಸಿನಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಬೆಲೆ ಬಂದದ್ದು ಇದರಿಂದ ಎಂದು ನಾನು ನಂಬಿದ್ದೇನೆ.

ಇನ್ನುಳಿದ ಬಗೆಯ ಕೋರ್ಸುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಿಯುಸಿಯೊಂದಿಗೇ ಎರಡು ವರ್ಷ ತರಬೇತಿ ಕೊಡುವ ವಸತಿ ಕಾಲೇಜುಗಳಿಗೆ ಕಲಬುರಗಿಯೂ ಬೀದರೂ ಹೆಸರಾದ ಊರುಗಳು. ದೂರದ ಜಿಲ್ಲೆಗಳಿಂದಲೂ ಮಕ್ಕಳು ಇಲ್ಲಿಗೆ ಬರುತ್ತಾರೆ. ಅವು ಮುಖ್ಯವಾಗಿ ವೈದ್ಯಕೀಯ ಸೀಟಿನ ಗುರಿಯಿಟ್ಟು ಕಟ್ಟಿದ ವ್ಯವಸ್ಥೆಗಳು. ವೈದ್ಯಕೀಯವೇ ಬೇಕೆನ್ನುವವರಿಗೆ ಸರಿ. ಫಾರ್ಮಸಿಯೇ ಗುರಿಯಾದವರು ಎರಡು ವರ್ಷ ಅಷ್ಟು ವೆಚ್ಚ ಮಾಡುವ ಅಗತ್ಯವಿಲ್ಲ. ಬೀದರಿನ ಕಡೆ ಸಿಇಟಿಯ ಜೊತೆಗೆ ತೆಲಂಗಾಣದ ಪ್ರವೇಶ ಪರೀಕ್ಷೆಯಾದ ಇಎಪಿಸಿಇಟಿಗೂ ತಯಾರು ಮಾಡುತ್ತೇವೆ ಎನ್ನುವ ಬ್ಯಾಚುಗಳಿವೆ. ಆ ಪರೀಕ್ಷೆಯ ಕೃಷಿ ಮತ್ತು ಫಾರ್ಮಸಿ ವಿಭಾಗದಲ್ಲಿ ಮೂರು ಗಂಟೆಗೆ 160 ಪ್ರಶ್ನೆ, ಅದರಲ್ಲಿ 80 ಜೀವಶಾಸ್ತ್ರ, ಎಲ್ಲವೂ ಕಂಪ್ಯೂಟರ್ ಮೇಲೆ. ಗಡಿಯಾಚೆಯ ಜಹೀರಾಬಾದ್ ಹತ್ತಿರವಿದೆ ಎಂಬ ಕಾರಣಕ್ಕೆ ಎರಡನ್ನೂ ಹೊರುವುದು ಬೇಡವೆಂದೇ ನನ್ನ ಸಲಹೆ. ಮೊಬೈಲ್ ಆ್ಯಪ್‌ಗಳಲ್ಲಿ ಪಾಠಗಳ ಗುಣಮಟ್ಟ ಚೆನ್ನಾಗಿದ್ದರೂ, ಕರ್ನಾಟಕದ ಸಿಇಟಿಗೆಂದು ಮಾರುವ ಪ್ಯಾಕೇಜುಗಳನ್ನು ತೆರೆದು ನೋಡಿದರೆ ಒಳಗಿರುವುದು ಬಹುಪಾಲು ನೀಟ್ ಮತ್ತು ಜೆಇಇ ಪ್ರಶ್ನೆಗಳೇ.

ಉಚಿತವಾದ ದಾರಿಯೂ ಇದೆ, ಅದನ್ನು ಕೀಳಾಗಿ ಕಾಣಬಾರದು. ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳೂ ಸರಿ ಉತ್ತರಗಳೂ ಸಿಗುತ್ತವೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ರಾಜ್ಯ ಸರ್ಕಾರ ಗೆಟ್‌ಸೆಟ್‌ಗೋ ಎಂಬ ಉಚಿತ ಆನ್‌ಲೈನ್ ತರಬೇತಿಯನ್ನು ಆರಂಭಿಸಿತ್ತು. ಪಿಯುಸಿಯಲ್ಲಿ ಒಳ್ಳೆಯ ಉಪನ್ಯಾಸಕರು ಸಿಕ್ಕ, ಸ್ವಂತವಾಗಿ ಕುಳಿತು ಓದಬಲ್ಲ ವಿದ್ಯಾರ್ಥಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಿಕೊಂಡು, ಗಡಿಯಾರ ಎದುರಿಗಿಟ್ಟು ಬಿಡಿಸಿದರೆ, ಹಣ ಕೊಟ್ಟು ಸೇರುವ ಕೋರ್ಸಿನ ಬಹುಭಾಗ ಪ್ರಯೋಜನ ಅಲ್ಲಿಯೇ ದೊರೆಯುತ್ತದೆ. ತನ್ನ ತಪ್ಪನ್ನು ತೋರಿಸಿ ಹೇಳುವವರು ಬೇಕು ಎನ್ನುವವರಿಗೆ ಮಾತ್ರ ಕೋರ್ಸ್ ಬೇಕು.

ಶುಲ್ಕದ ಮಾತುಕತೆಯಲ್ಲಿ ಕೆಲವು ವಿಷಯಗಳನ್ನು ಮೊದಲೇ ಬಿಡಿಸಿಕೊಳ್ಳಬೇಕು. ಖಾಸಗಿ ಕೋಚಿಂಗ್ ಸೇವೆಗೆ ಶೇ 18 ಜಿಎಸ್‌ಟಿ ಇದೆ. ಹೇಳಿದ ಮೊತ್ತದಲ್ಲಿ ಅದು ಸೇರಿದೆಯೇ ಎಂದು ಕೇಳದಿದ್ದರೆ ಕೊನೆಯಲ್ಲಿ ಬೆಚ್ಚಿಬೀಳಬೇಕಾಗುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಪೂರ್ಣ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟುಹೋದರೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳೊಳಗೆ ಮರಳಿಸಬೇಕು, ವಸತಿಯ ಹಣಕ್ಕೂ ಇದು ಅನ್ವಯಿಸುತ್ತದೆ. ಪದವಿಗಿಂತ ಕಡಿಮೆ ಓದಿದವರನ್ನು ಬೋಧನೆಗೆ ನೇಮಿಸಬಾರದು. ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗವಿರಬೇಕು. ನಾವು ನೋಡಿದ ಒಂದು ಕೇಂದ್ರದ ರಸೀದಿಯ ಹಿಂಬದಿಯಲ್ಲಿ, ಯಾವ ಕಾರಣಕ್ಕೂ ಹಣ ಹಿಂದಿರುಗಿಸುವುದಿಲ್ಲ ಎಂದು ಅಚ್ಚಾಗಿತ್ತು. ಮಾರ್ಗಸೂಚಿಯ ವಿಷಯ ತೆಗೆದಾಗ ಅಲ್ಲಿನ ಗುಮಾಸ್ತರು ಅದರ ಬಗ್ಗೆ ಮಾತಾಡಲು ಸಿದ್ಧರಿರಲಿಲ್ಲ. ನಾವು ಅಲ್ಲಿಂದ ಎದ್ದು ಬಂದೆವು. ಇಂಥದ್ದರಲ್ಲಿ ಸಿಕ್ಕಿಬಿದ್ದವರು 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರು ದಾಖಲಿಸಿಕೊಳ್ಳುತ್ತದೆ.

ಫಲಕಗಳ ಮೇಲಿನ ಭಾವಚಿತ್ರಗಳ ಬಗ್ಗೆಯೂ ಹೇಳಬೇಕು. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತುಗಳಿಗೆ ನಿಯಮ ಮಾಡಿದೆ: ಯಶಸ್ವಿ ವಿದ್ಯಾರ್ಥಿಯ ಚಿತ್ರ ಹಾಕಬೇಕಾದರೆ ಆಯ್ಕೆಯಾದ ಮೇಲೆ ಅವರ ಲಿಖಿತ ಒಪ್ಪಿಗೆ ಇರಬೇಕು, ಅವರು ಯಾವ ಕೋರ್ಸನ್ನು ಎಷ್ಟು ಅವಧಿಗೆ ಪಡೆದಿದ್ದರು ಎಂಬುದನ್ನೂ ತಿಳಿಸಬೇಕು. ಎರಡು ವರ್ಷ ಬೇರೆಡೆ ಓದಿ, ಕೊನೆಯಲ್ಲಿ ಇಲ್ಲಿ ಒಂದು ಮಾದರಿ ಪರೀಕ್ಷೆ ಬರೆದ ವಿದ್ಯಾರ್ಥಿಯ ಚಿತ್ರ ದೊಡ್ಡದಾಗಿ ನೇತಾಡುತ್ತಿದ್ದರೆ, ಅದರಿಂದ ಕ್ರಾಶ್ ಕೋರ್ಸಿನ ಗುಣ ತಿಳಿಯುವುದಿಲ್ಲ. ನಿಮ್ಮ ಕ್ರಾಶ್ ಬ್ಯಾಚಿನಿಂದ ಕಳೆದ ವರ್ಷ ಎಷ್ಟು ಜನ ಫಾರ್ಮಸಿ ಸೀಟು ಪಡೆದರು, ಅವರಲ್ಲಿ ಒಬ್ಬಿಬ್ಬರೊಂದಿಗೆ ಮಾತಾಡಬಹುದೇ ಎಂದು ಕೇಳಿ. ನಾವು ಆರಿಸಿದ ಕೇಂದ್ರದವರು ಮಾತ್ರ ಹಿಂಜರಿಯದೆ ಇಬ್ಬರು ಹಳೆಯ ವಿದ್ಯಾರ್ಥಿಗಳನ್ನು ಕರೆಸಿ ಮಾತಾಡಿಸಿದರು.

ಪರೀಕ್ಷೆ ಮುಗಿದ ಮೇಲಿನ ಹಂತದಲ್ಲಿ ನೆರವಾಗುವ ಕೇಂದ್ರ ಸಿಕ್ಕರೆ ಅದಕ್ಕೆ ಹೆಚ್ಚಿನ ಬೆಲೆ ಕೊಡಬೇಕು, ವಿಶೇಷವಾಗಿ ನಮ್ಮ ಭಾಗದವರು. ಸಂವಿಧಾನದ 371ಜೆ ವಿಧಿಯ ಅನುಸಾರ 2013ರಿಂದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟುಗಳು ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದ ಭಾಗದಲ್ಲಿ ಶೇ 8. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆದಿರಬೇಕು. ಸೇಡಂ ಉಪವಿಭಾಗದವರು ಅದಕ್ಕಾಗಿ ಕಲಬುರಗಿಗೆ ಬರಬೇಕಿಲ್ಲ, ಸೇಡಂನಲ್ಲಿಯೇ ಕಚೇರಿಯಿದೆ. ಇದರ ಮೇಲೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮ ಶೇ 5. ಹತ್ತನೇ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ವಿದ್ಯಾರ್ಥಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇರುವ ಪ್ರಮಾಣಪತ್ರಗಳನ್ನು ಸಮಯಕ್ಕೆ ಸಿದ್ಧಪಡಿಸದಿದ್ದರೆ, ದುಡಿದು ಪಡೆದ ರ‍್ಯಾಂಕಿನ ಪೂರ್ಣ ಪ್ರಯೋಜನ ಸಿಗದೆ ಹೋಗುತ್ತದೆ. ಕೆಲವು ಕೇಂದ್ರಗಳು ರಾಜ್ಯಮಟ್ಟದ ಸಾಮಾನ್ಯ ವರ್ಗದ ಕಟಾಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್, ತೋರಿಸಿ, ಇಷ್ಟು ರ‍್ಯಾಂಕ್ ಬಾರದಿದ್ದರೆ ಸೀಟಿಲ್ಲ ಎಂದು ಹೆದರಿಸಿ ದುಬಾರಿ ಬ್ಯಾಚಿಗೆ ಸೇರಿಸುತ್ತವೆ. ನಗರದ ಮಾತೋಶ್ರೀ ತಾರಾದೇವಿ ರಾಂಪುರೆ ಫಾರ್ಮಸಿ ಕಾಲೇಜಿನಂಥ ಸ್ಥಳೀಯ ಕಾಲೇಜಿಗೆ ಬಯಸುವವರು ಕಲ್ಯಾಣ ಕರ್ನಾಟಕ ವರ್ಗದ ಕಟಾಫನ್ನು ಪ್ರತ್ಯೇಕವಾಗಿ ನೋಡಬೇಕು. ನಮ್ಮ ಕೋರ್ಸಿನವರು ಒಂದು ಭಾನುವಾರ ಪೂರ್ತಿ ದಾಖಲೆಗಳ ಪರಿಶೀಲನೆಗೆ ಮೀಸಲಿಟ್ಟು, ಪ್ರತಿಯೊಬ್ಬರ ಕಾಗದಗಳನ್ನೂ ತೆಗೆಸಿ ನೋಡಿದರು. ಅಂದು ಮೂರ್ನಾಲ್ಕು ಮಕ್ಕಳ ಅರ್ಜಿಯಲ್ಲಿದ್ದ ಹೆಸರಿಗೂ ಅಂಕಪಟ್ಟಿಯಲ್ಲಿದ್ದ ಹೆಸರಿಗೂ ವ್ಯತ್ಯಾಸವಿದ್ದದ್ದು ಪತ್ತೆಯಾಯಿತು.

ಅನುಕೂಲಗಳ ವಿಷಯದಲ್ಲಿ ಕೊರತೆಗಳಿದ್ದವು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ತರಗತಿ ಮೇಲಂತಸ್ತಿನಲ್ಲಿತ್ತು, ಮಧ್ಯಾಹ್ನ ಕರೆಂಟ್ ಹೋದರೆ ಜನರೇಟರ್ ಇರಲಿಲ್ಲ. ಮಕ್ಕಳು ಅಂಥ ಮಧ್ಯಾಹ್ನಗಳಲ್ಲಿ ಭೌತಶಾಸ್ತ್ರದ ಲೆಕ್ಕ ಮಾಡಬೇಕಾಗಿತ್ತು. ಕುಡಿಯುವ ನೀರಿನ ವ್ಯವಸ್ಥೆ ಮಾತ್ರ ಚೆನ್ನಾಗಿತ್ತು. ಹುಡುಗಿಯರ ವಸತಿಯನ್ನು ಕೇಂದ್ರ ನೋಡಿಕೊಳ್ಳುವುದಿಲ್ಲ. ನಮ್ಮ ಮನೆ ಇದ್ದುದರಿಂದ ನಮಗೆ ತೊಂದರೆಯಾಗಲಿಲ್ಲ, ಆದರೆ ಚಿಂಚೋಳಿ, ಅಫಜಲಪುರ, ಸುರಪುರದ ಕಡೆಯಿಂದ ಬಂದವರು ಪಿಜಿಗಳನ್ನು ತಾವೇ ಹುಡುಕಿಕೊಳ್ಳಬೇಕಾಯಿತು.

ಅಕ್ಕನ ಮಗಳು ಈಗ ಬಿ.ಫಾರ್ಮ್ ಓದುತ್ತಿದ್ದಾಳೆ. ಅವಳ ತಂಗಿಗೂ ಇದೇ ಕೋರ್ಸ್ ಸಾಕೇ ಎಂದು ಅಕ್ಕ ಕೇಳಿದಾಗ, ರಸಾಯನಶಾಸ್ತ್ರಕ್ಕೆ ಅದೇ ಶಿಕ್ಷಕಿ ಇದ್ದರೆ, ಹೊಸ ಪ್ರಶ್ನಕೋಶ ಅಚ್ಚಾಗಿದ್ದರೆ ಸೇರಿಸು, ಇಲ್ಲದಿದ್ದರೆ ಮತ್ತೆ ಹುಡುಕೋಣ ಎಂದಿದ್ದೇನೆ. ಫಾರ್ಮಸಿ ಡಿಪ್ಲೊಮಾ ಆದ ಡಿ.ಫಾರ್ಮ್ ಮಾಡಲು ಬಯಸುವವರು ಈ ಯಾವ ಕೋರ್ಸಿಗೂ ಹಣ ಕೊಡಬೇಕಾಗಿಲ್ಲ, ಅದರ ಪ್ರವೇಶ ಪಿಯುಸಿ ಅಂಕಗಳ ಮೇಲೆ ನಡೆಯುತ್ತದೆ; ಅದನ್ನು ಮುಗಿಸಿದವರು ಮುಂದೆ ಬಿ.ಫಾರ್ಮ್ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ದಿನವೂ ಸೇಡಂ, ಚಿತ್ತಾಪುರ, ಆಳಂದದಿಂದ ಬಸ್ಸಿನಲ್ಲಿ ಓಡಾಡುವವರು ಪೂರ್ಣ ಕೋರ್ಸಿಗೆ ಸೇರುವ ಬದಲು ವಾರದ ಪರೀಕ್ಷೆ ಮತ್ತು ಮರುದಿನದ ಉತ್ತರ ವಿವರಣೆಗೆ ಮಾತ್ರ ಸೇರಿಸಿಕೊಳ್ಳುವಂತೆ ಕೇಳಿ ನೋಡಬೇಕು. ನಾವು ಆರಿಸಿದ ಕೇಂದ್ರ ಅದಕ್ಕೆ ಕಡಿಮೆ ಶುಲ್ಕದಲ್ಲಿ ಒಪ್ಪುತ್ತದೆ, ಕೇಳಿದವರಿಗೆ ಮಾತ್ರ.